ಬೀಗ ಹಾಕಿದ ಮನೆಯ ಹನ್ನೊಂದು ಯೂನಿಟ್ಟು

ಗೋಪಾಳದ ಕೊನೇ ಅಡ್ಡರಸ್ತೆ, ಬೆಳಗ್ಗೆ ಎಂಟೂವರೆ.
ಬಿಲ್ಲಿನ ಮಷಿನ್ನು ಕೊರಳಿಗೆ, ನಾಯಿಗೆಂದು ಕೋಲು ಕಂಕುಳಿಗೆ.
ತೀರ್ಥಪ್ಪನವರು ಗೇಟಲ್ಲೇ ಹಿಡಿದರು, ಹೋದ ತಿಂಗಳ ಚೀಟಿ ಕೈಯಲ್ಲಿ:
"ಮಗಳ ಬಾಣಂತನ, ಮೂವತ್ತು ದಿನ ಹುಬ್ಬಳ್ಳಿಯಲ್ಲಿದ್ದೆವು.
ಫ್ರಿಜ್ಜು ಖಾಲಿ ಮಾಡಿ, ಬಾಗಿಲು ತೆರೆದಿಟ್ಟು ಹೋಗಿದ್ದು.
ಹೇಳಯ್ಯಾ, ಬೀಗ ಹಾಕಿದ ಮನೆಯಲ್ಲಿ
ಹನ್ನೊಂದು ಯೂನಿಟ್ಟು ಉಂಡವರು ಯಾರು?"

ಈ ಕೆಲಸದಲ್ಲಿ ಕಳ್ಳ ಅನ್ನಿಸಿಕೊಳ್ಳೋದು ಹೊಸತಲ್ಲ.
ಆದರೂ ಅವತ್ತು ರೋಷ ಬಂತು.
ಪರದೆ ಎಳೆಯಿರಿ, ಎಲ್ಲ ದೀಪ ಆರಿಸಿ ಅಂದೆ.
ಚಪ್ಪಲಿ ಬಿಟ್ಟು ಒಳಗೆ ಹೋದೆ.

ಕತ್ತಲು ಒಗ್ಗಲು ಒಂದು ನಿಮಿಷ ಹಿಡಿಯಿತು.
ಆಮೇಲೆ ಒಂದೊಂದೇ ಎದ್ದವು:
ಟೀವಿಯ ಗಲ್ಲದಲ್ಲಿ ಕೆಂಪು ಚುಕ್ಕಿ.
ಸೆಟ್‌ಟಾಪ್ ಬಾಕ್ಸಿನ ನೆತ್ತಿ ಮುಟ್ಟಿಸಿದೆ,
ಮಲಗಿದ ಬೆಕ್ಕಿನ ಹೊಟ್ಟೆಯ ಬಿಸಿ.
ಸ್ಟೆಬಿಲೈಜರು ತನ್ನಷ್ಟಕ್ಕೆ ಗುಂಯ್ ಅನ್ನುತ್ತಿತ್ತು.
ಮೊಬೈಲಿಲ್ಲದ ಚಾರ್ಜರು ಗೋಡೆ ಕಚ್ಚಿಕೊಂಡಿತ್ತು,
ಎಮ್ಮೆ ಬರಲಿ ಎಂದು ಹುಲ್ಲಿನ ತುದಿಯಲ್ಲಿ ಕಾಯುವ ಉಣುಗಿನ ಹಾಗೆ.
ಮೈಕ್ರೋವೇವು ಮಿಟುಕಿಸುತ್ತಿತ್ತು
ಯಾರೂ ತಿದ್ದದ ಗಂಟೆ: ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ.

"ಒಟ್ಟು ಹದಿನೈದು ವ್ಯಾಟು, ಹಗಲೂ ರಾತ್ರಿ. ತಿಂಗಳಿಗೆ ಗುಣಿಸಿ."
ಪೇಪರ್‌ಮಿಲ್ಲಿನಲ್ಲಿ ಲೆಕ್ಕ ಬರೆದವರು;
ಕತ್ತಲಲ್ಲೇ ಗುಣಿಸಿದರು. ಸುಮ್ಮನಾದರು.

ಒಳಕೋಣೆಯಿಂದ ಅವರ ಅತ್ತೆ ಗುತ್ಯಮ್ಮ:
"ಕರೆಂಟು ಹೋಯ್ತನಾ?"
"ಹೋಗಿಲ್ಲಮ್ಮ. ಇರೋದನ್ನ ನೋಡ್ತಿದೀವಿ."
ಕೆಂಪು ಚುಕ್ಕಿಯ ಹತ್ತಿರ ಬಗ್ಗಿ ಬಹಳ ಹೊತ್ತು ನಿಂತಳು.
"ಈ ಕಿಡಿಗೆ ಎಷ್ಟು ನೀರು ಬೇಕಾಗ್ತದೆ?"

ನನಗೆ ಯೂನಿಟ್ಟು ಗೊತ್ತು, ದರ ಗೊತ್ತು, ಯಾರ ಬಾಕಿ ಎಷ್ಟು ಗೊತ್ತು.
ನೀರಿನ ಕಾಲಂ ನನ್ನ ಮಷಿನ್ನಿನಲ್ಲಿಲ್ಲ.
"ನಮ್ಮನೆ ಅಂಗಳದ ಮೇಲೆ ಅರವತ್ತು ವರ್ಷದಿಂದ ನಿಂತದೆ," ಅಂದಳು.
ದೂರಿದ್ದಲ್ಲ;
ನೆಂಟರ ಮನೆಗೆ ದಾರಿ ಹೇಳಿದ ಹಾಗೆ.

ಈ ತಿಂಗಳು ಹೋದಾಗ ತೀರ್ಥಪ್ಪನವರೇ ಹೇಳಿದರು:
ಧಾರಾವಾಹಿ ಮುಗಿದ ಮೇಲೆ ಮುದುಕಿ ಗೋಡೆ ಹಿಡಿದು ಬರುತ್ತಾಳೆ,
ಪ್ರತಿ ಸ್ವಿಚ್ಚಿಗೂ ಮುಳುಗಿದ ಊರಿನ ಒಂದೊಂದು ಹೆಸರು.
ದೊಡ್ಡಗದ್ದೆ, ಟಕ್.
ಹೊಳೆಬ್ಯಾಣ, ಟಕ್.
ಹುಣಸೆಮರದ ಹಕ್ಕಲು, ಅದು ಕೈಗೆಟುಕದು, ಸ್ಟೂಲು ಬೇಕು, ಟಕ್.

ವೈಫೈ ಆರಿಸಕೂಡದು ಅಂತ ಮೊಮ್ಮಗನ ಹಟ.
ಅದಕ್ಕಿನ್ನೂ ಹೆಸರಿಟ್ಟಿಲ್ಲವಂತೆ.