ಹಲಗಿ ಎದಿಮಟ್ಟಕ್ಕ

ಹಾಸನ ಕಡಿಯಿಂದ ಬಂದ ಹೊಸ ಪಿಎಸ್ಐ ಮೇಡಂ
ಚಾ ಕುಡಿಯೂತ ಕೇಳಿದ್ರು:
"ಇಪ್ಪತ್ತೊಂದು ವರ್ಷ ಕಳ್ಳರ ಫೋಟೋ ತೆಗೆದಿದ್ದೀರಂತೆ, ರೇವಪ್ಪನವರೇ,
ಮುಖ ನೋಡಿದರೆ ಗೊತ್ತಾಗಿಬಿಡುತ್ತಾ?"

ಇಲ್ರಿ ಮೇಡಂ.
ಬೆಳಕು ಯಾವ ಬಾಜೂ ಬೀಳ್ತದ, ನಂಗ ಅಷ್ಟೇ ಗೊತ್ತು.
ಮದಿವಿ ಫೋಟೋಕ್ಕ ಎರಡು ದೀಪ, ಒಂದು ಬಿಳೀ ಛತ್ರಿ,
ಗದ್ದ ಒಂಚೂರು ಕೆಳಗ, ಮೊಡವಿ ಇದ್ರ ಅಳಸ್ತೀನಿ.
ಠಾಣಾದಾಗ ಒಂದೇ ಟ್ಯೂಬ್‌ಲೈಟು, ನೆತ್ತಿ ಮ್ಯಾಲ.
ಅದರ ಕೆಳಗ ನಿಂದ್ರಿಸಿದ್ರ
ಜಡ್ಜ್ ಸಾಹೇಬ್ರೂ ಎರಡು ಖೂನಿ ಮಾಡಿದಂಗ ಕಾಣ್ತಾರ.

ಬಟ್ಟಿ ಅಂಗಡಿ ಗಲ್ಲಾ ಒಡದ ಕೇಸು, ನೀವಿನ್ನೂ ಬಂದಿರಲಿಲ್ಲ.
ಇಬ್ಬರನ್ನ ತಂದ್ರು ಒಂದೇ ಜೀಪಿನಾಗ.
ಮೌನೇಶಗ ಕುರ್ಚಿ ಸಿಕ್ತು, ಕೊಡ್ರಿ ಅಂತ ಯಾರೂ ಅಂದಿರಲಿಲ್ಲ.
ಹವಾಲ್ದಾರ ಭೀಮಶಾ ಅವನ ಭುಜದ ಮ್ಯಾಲ ಕೈಯಿಟ್ಟು
"ಇಂಥಾ ರೂಪ ಇಟಗೊಂಡು ಯಾಕ ಬೇಕಿತ್ತೋ ತಮ್ಮಾ" ಅಂದ.
ಸಾಬಣ್ಣ ಗ್ವಾಡಿಗೆ ಹತ್ತಿ ಕುಕ್ಕರಗಾಲಿನ್ಯಾಗ ಕುಂತಿದ್ದ,
ಸಣ್ಣಂವಿದ್ದಾಗ ಸ್ಟೋವ್ ಸಿಡದು
ಎಡಗಡಿ ಗಲ್ಲ ಕರಗಿ ಕುತ್ತಿಗಿಗಿ ಇಳದದ.
ಅವಗ ಯಾಕ ಅಂತ ಯಾರೂ ಕೇಳಲಿಲ್ಲ.
ಮಾರೀನೇ ಉತ್ತರ ಕೊಟ್ಟಂಗಿತ್ತು.

ಆ ಅಂಗಡಿ ಶೇಟು ನನ್ನ ಎದುರಿಗೇ ಹೇಳಿದ್ದ:
"ಕೌಂಟರಿಗಿ ಬ್ಯಾಡ, ಹೆಣಮಕ್ಕಳು ಅಂಜತಾರ. ಗೋದಾಮಿನಾಗ ಇರಲಿ."
ಹಿಂದಿನ ಬಾಗಲಿಂದ ಬಾ ಅಂತ ಎಂಟು ವರ್ಷ ಹೇಳಿದಂವಾ
ಹಿಂದಿನ ಬಾಗಲಿಂದ ಬಂದ ಅಂತ ಫಿರ್ಯಾದಿ ಬರಸಿದ.

ಹಂಗಂತ ಸಾಬಣ್ಣ ಕದ್ದಿಲ್ಲ ಅನ್ನಂಗಿಲ್ಲ ನಾ. ಕದ್ದಾನ.
ಮೌನೇಶನೂ ಕದ್ದಾನ, ಮುಂದಿನ ಬಾಗಲಿಂದ, ನಕ್ಕೋತ,
ಗಲ್ಲಾದ ಕೀಲಿ ಕೇಳಿ ಇಸಗೊಂಡು.
ಅದು ಚಾರ್ಜ್‌ಶೀಟಿನಾಗ ಬರಲಿಲ್ಲ.
ಅವಗ ಮೂರೇ ದಿನಕ್ಕ ಜಾಮೀನು.

ಬಸ್‌ಸ್ಟ್ಯಾಂಡಿನಾಗ ನಿಂತು ನಮ್ಮ ಶಹಾಪುರ ಗುಡ್ಡ ನೋಡೀರಿ?
ಬುದ್ಧ ಮಲಗ್ಯಾನ: ಹಣಿ, ಮೂಗು, ತುಟಿ, ಉಬ್ಬಿದ ಎದಿ.
ಹತ್ತಿ ಹೋದ್ರ ಬರೇ ಬಂಡಿಗಲ್ಲು, ಆಡಿನ ಹಿಕ್ಕಿ, ಒಡದ ಬಾಟ್ಲಿ.
ಅಷ್ಟು ದೂರದಿಂದ ಕಲ್ಲಿಗಿ ಕರುಣೆ ಹಚ್ಚತಾವ ನಮ್ಮ ಕಣ್ಣು,
ನಾಕು ಫೂಟಿನಾಗ ಒಂದು ಹುಡುಗ ನಿಂತ್ರ
ಏನಾಗ್ತದೋ ಅವಕ್ಕ.

ಬೈತೀರೇನೋ, ಇನ್ನೊಂದದ.
ಆ ರಾತ್ರಿ ಹಳೇ ನೆಗೆಟಿವ್ ಡಬ್ಬಿ ತಗದೆ.
ಸರಕಾರಿ ಸಾಲಿ, ಏಳನೇತ್ತ, ಗ್ರೂಪ್ ಫೋಟೋ.
ನಡಬರಕ ಕುಂತಂವಾ ಮೌನೇಶ,
ಸಾಲಿ ಹೆಸರು ಬರದ ಹಲಗಿ ಅವನ ಕೈಯಾಗ, ಎದಿಮಟ್ಟಕ್ಕ.
ಸಾಬಣ್ಣನ್ನ ಹುಡಕಬೇಕಾಯ್ತು.
ಹಿಂದಿನ ಸಾಲು, ತುದಿ,
ಎತ್ತರದ ಹುಡುಗನ ತಲಿ ಹಿಂದ ಒಂದು ಕಿವಿ, ಅರ್ಧ ಕಣ್ಣು.
ಅಲ್ಲಿ ನಿಂದ್ರು ಅಂದಂವಾ ಮಾಸ್ತರ ಅಲ್ಲ.
ಫೋಟೋ ಚಂದ ಬರಲಿ ಅಂತ
ನಾನೇ ಅಂದಿದ್ದೆ.

ಹೋದ ಐತವಾರ ಅವನ ತಾಯಿ ಅಯ್ಯಮ್ಮ ಸ್ಟುಡಿಯೋಕ್ಕ ಬಂದಿದ್ಲು.
ಕುಂದ್ರು ಅಂದ್ರ ಹೊಸ್ತಲದಾಗ ಕುಂತ್ಲು.
"ಠಾಣಾದಾಗ ತಗದ ಪಟ ಒಂದು ಕೊಡ್ರಿ ಯಪ್ಪಾ,
ಮನ್ಯಾಗ ಅವಂದು ಒಂದೂ ಇಲ್ಲ."
ಕೊಡಬಾರದು, ಗೊತ್ತದ. ಕೊಟ್ಟೆ.
ಕಂಪ್ಯೂಟರಿನಾಗ ಸುಟ್ಟ ಗಲ್ಲ ಸರಿ ಮಾಡ್ಲೇನು ಅಂದೆ.
ಪಟಾ ಕಣ್ಣಿಗಿ ಹತ್ತಿರ ಹಿಡದು ಭಾಳ ಹೊತ್ತು ನೋಡಿದ್ಲು.
"ಬ್ಯಾಡ್ರಿ. ಆ ನಂಬರಿನ ಹಲಗಿ ಅಷ್ಟು ತಗೀರಿ."

ತಗದೆ.
ಕೆಳಗ ಎಂಟು ಬೆರಳು ಉಳದಾವ,
ಏನೂ ಇಲ್ಲದ್ದನ್ನ ಗಟ್ಟಿ ಹಿಡಕೊಂಡು.
ಸೆರಗಿನ ಗಂಟು ಬಿಚ್ಚಿ ಮೂವತ್ತು ರೂಪಾಯಿ ಇಟ್ಲು.
ತಗೊಂಡೆ, ಮೇಡಂ.