ಡ್ರಮ್ಮು ಮಾತಾಡದ ಹಾಗೆ

ಹೊಸದುರ್ಗದ ಮದುವೆ ಮುಗಿಸಿ
ಹಿರಿಯೂರಿಗೆ ಹೊರಟಾಗ ಬೆಳಗಿನ ಜಾವ ನಾಲ್ಕು.
ಟೆಂಪೋ ಹಿಂದೆ ಬ್ಯಾಂಡ್‌ಸೆಟ್ಟಿನ ಒಂಬತ್ತು ಮಂದಿ,
ಕೆಂಪು ಕೋಟಿನ ಗುಂಡಿ ಬಿಚ್ಚಿ
ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ನಿದ್ದೆ.
ನಡುವೆ ಕಟ್ಟದೆ ಬಿಟ್ಟ ದೊಡ್ಡ ಡ್ರಮ್ಮು.
ಕಟ್ಟಬೇಡ ಅಂದವನು ಪಾಲಯ್ಯ ಮಾವ.

ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದವನು,
ಈಗ ಕಣ್ಣಿಗೆ ಪೊರೆ ಬಂದು ನನ್ನ ಪಕ್ಕ ಕೂತಿದ್ದಾನೆ
ಬೀಡಿ ಹಚ್ಚದೆ ಬರೀ ಕಚ್ಚಿಕೊಂಡು.
"ನಂಗೆ ರಸ್ತೆ ಕಾಣಲ್ಲ. ಡ್ರಮ್ಮು ಕೇಳ್ತದೆ.
ನೀನು ತಪ್ಪಿದರೆ ಅದೇ ಹೇಳ್ತದೆ."

ಮಾರಿಕಣಿವೆಯ ಮೊದಲ ತಿರುವು.
ಒಳಗೆ ನುಗ್ಗಿದ ಮೇಲೆ ಬ್ರೇಕು ತುಳಿದೆ.
ಧಿಂ.
ತಾಳ ಝಲ್ಲೆಂದು ಉರುಳಿ
ಯಾರದೋ ಮೊಣಕಾಲು, ಯಾರದೋ ಬೈಗುಳ.
ಮಾವ ಮಾತ್ರ ಬೈಯಲಿಲ್ಲ:
"ಹೊಸ್ತಿಲು ದಾಟಿದ ಮೇಲೆ ಚಪ್ಪಲಿ ಬಿಡ್ತೀಯೇನೆ?
ವೇಗಾನ ಆಚೆಗೇ ಬಿಟ್ಟು ಒಳಗೆ ಬಾ."

ಎರಡನೆಯದಕ್ಕೆ ಮೊದಲೇ ಗೇರು ಇಳಿಸಿದೆ.
ಆದರೂ ಧಿಂ, ಸ್ವಲ್ಪ ಸಣ್ಣಗೆ.
"ಕಣ್ಣು ಎಲ್ಲಿಟ್ಟಿದ್ದೆ?"
"ಅಂಚಿನ ಬಿಳಿ ಕಲ್ಲಿನ ಮೇಲೆ."
"ಹೆದರಿ ನೋಡಿದ ಕಡೆಗೇ ಗಾಡಿ ಹೋಗ್ತದೆ ಕಣೆ.
ಕಲ್ಲು ಅದರ ಪಾಡಿಗಿರಲಿ,
ರಸ್ತೆ ಬಿಚ್ಚಿಕೊಳ್ಳೋ ಕಡೆ ನೋಡು."

ಆಮೇಲೆ ಅವನು ಮಾತಾಡಲಿಲ್ಲ.
ಒಂದು ಸಲ ಹಾರನ್ನು. ಎಡಕ್ಕೆ ನನ್ನ ಪಾಲಿನಷ್ಟೇ ದಾರಿ.
ಮಗುವಿನ ತಲೆ ತಿರುಗಿಸಿದ ಹಾಗೆ ಸ್ಟೇರಿಂಗು.
ಬಂಡೆಯ ಮರೆಯಿಂದ ರಸ್ತೆ ಚೂರುಚೂರೇ ಹೊರಬಂದಂತೆ
ಆಕ್ಸಿಲರೇಟರಿಗೆ ಹೆಬ್ಬೆರಳಿನ ಭಾರ ಮಾತ್ರ.
ತೆಂಗಿನಕಾಯಿ ಲಾರಿಯೊಂದು ನಡುರಸ್ತೆ ನುಂಗುತ್ತ ಬಂತು;
ನನ್ನ ಪಾಲು ನನಗಿತ್ತು, ಸಾಕಾಯಿತು.
ಕೆಳಗೆಲ್ಲೋ ಕತ್ತಲಲ್ಲಿ ಅಷ್ಟು ದೊಡ್ಡ ನೀರಿತ್ತು.
ನಾನು ನೋಡಲಿಲ್ಲ.

ಮೂರು. ನಾಲ್ಕು. ಐದು.
ಡ್ರಮ್ಮಿನ ಬಾಯಿ ಬಿದ್ದುಹೋಗಿತ್ತು.
ಹೊಗಳ್ತಾನೇನೋ ಅಂತ ಓರೆಗಣ್ಣು ಹಾಯಿಸಿದರೆ
ಮಾವನಿಗೆ ಗಾಢ ನಿದ್ದೆ,
ಬೀಡಿ ಜಾರಿ ಎದೆಯ ಮೇಲೆ.
ಆರ್‌ಟಿಓ ಸಾಹೇಬರ ಸಹಿಯೂ
ನನ್ನನ್ನು ಇಷ್ಟು ಉಬ್ಬಿಸಿರಲಿಲ್ಲ.

ಕಣಿವೆ ಮುಗಿದು ದಾರಿ ಹಗ್ಗ ಎಳೆದಂತಾಯಿತು.
ಬೆಳಕು ಹರಿದಿತ್ತು. ನಾಲ್ಕನೇ ಗೇರು, ಒಂದಿಷ್ಟು ಸೊಕ್ಕು,
ಯಾವುದೋ ಹಟ್ಟಿಯ ಮುಂದೆ
ಬಣ್ಣ ಹೋದ ಹಂಪೊಂದು ಅಡ್ಡ ಮಲಗಿತ್ತು.
ಧಿಂ! ಝಲ್ಲ್! ಮತ್ತೆ ಧಿಂ!
ಒಂಬತ್ತು ಮಂದಿ ಒಟ್ಟಿಗೆ "ಯವ್ವೋ" ಅಂದರು,
ದಿಬ್ಬಣ ಬಂತೆಂದು ಹಟ್ಟಿಯ ನಾಯಿಗಳೆಲ್ಲ ಎದ್ದವು.

ಪಾಲಯ್ಯ ಮಾವ ಕಣ್ಣು ಬಿಡದೆ ಬೀಡಿ ತಡಕಾಡಿದ.
"ನೆಟ್ಟಗಿದೆ ಅಂತ
ಯಾರು ಹೇಳಿದ್ರೆ ನಿಂಗೆ?"