ಬಾಲವಿಲ್ಲ, ಜೀವವಿದೆ

ಅರಸೀಕೆರೆಯಿಂದ ಬಂದ ಕೊನೆ ಗಾಡಿಯ
ಹಿಂದಿನ ಸೀಟಿನಡಿ, ಶೂ ಡಬ್ಬಿಯೊಳಗೆ ಸಿಕ್ಕಿದ್ದು.
ಹಾಸನ ಡಿಪೋದ ಕಂಟ್ರೋಲರ್ ಶಾಂತವೀರಪ್ಪ
ಕನ್ನಡಕ ಏರಿಸಿ, ಇಳಿಸಿ, ಪೆನ್ನಿನ ತುದಿ ಕಚ್ಚಿ
ಮರೆತು ಹೋದ ಸಾಮಾನಿನ ರಿಜಿಸ್ಟರಿನಲ್ಲಿ ಬರೆದರು:
'ಮೊಲದಂಥದ್ದು ಒಂದು. ಬಾಲವಿಲ್ಲ. ಜೀವವಿದೆ.'

ಹದಿನೈದು ದಿನ ಕಾದೆವು. ಛತ್ರಿಗೆ ಜನ ಬಂದರು,
ಟಿಫನ್ ಡಬ್ಬಿಗೆ ಬಂದರು, ಒಂಟಿ ಚಪ್ಪಲಿಗೂ ಒಬ್ಬ ಬಂದ.
ಇದಕ್ಕೆ ಯಾರೂ ಬರಲಿಲ್ಲ.
ಮಣ್ಣು ಮೆತ್ತಿದ ಆಲೂಗೆಡ್ಡೆಯ ಬಣ್ಣ, ಆಕಾರವೂ ಅದೇ;
ಹಾಸನದಲ್ಲಿ ಇನ್ನೇನು ಹೆಸರಿಡಲಿ? ಗೆಡ್ಡೆ ಅಂದೆ.
ಗಿನಿಯೂ ಅಲ್ಲ, ಹಂದಿಯೂ ಅಲ್ಲ ಕಣೇ ನೀನು.

ಡಿಸೆಂಬರು. ಬಡವರ ಊಟಿ ಎಂದು ಹೊಗಳುವವರು
ಬೆಳಗಿನ ಐದಕ್ಕೆ ಸ್ಪ್ಯಾನರ್ ಹಿಡಿದು ನೋಡಬೇಕು.
ಆ ವಾರ ಅದು ಚೀಲದ ಸದ್ದಿಗೆ ಕೂಗಲಿಲ್ಲ,
ಕೊತ್ತಂಬರಿ ಕಟ್ಟು ಬಿಚ್ಚಿದರೂ ಮೂಲೆ ಬಿಡಲಿಲ್ಲ.
ಮೂಗಿನ ಸುತ್ತ ಹಕ್ಕಳೆ, ರೋಮವೆಲ್ಲ ನಿಗುರಿ,
ಉಸಿರೆಳೆದಾಗೊಮ್ಮೆ ಒಳಗೆ
ಟಿಕ್.

ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ಯಾವ ಬೇರಿಂಗ್ ಸವೆದಿದೆ ಎಂದು ಹೇಳುವವಳು ನಾನು,
ಹದಿನೆಂಟು ಗಂಡಸರ ಪಾಳಿಯಲ್ಲಿ ಒಬ್ಬಳೇ.
ಇದಕ್ಕೆ ಯಾವ ಸ್ಕ್ರೂಡ್ರೈವರು?
ಬರಿ ಕಿವಿಯನ್ನೇ ಪಕ್ಕೆಗಿಟ್ಟೆ.
ಟ್ಯಾಪೆಟ್ ಸಡಿಲವಾದ ಗಾಡಿ ದೂರದಲ್ಲೆಲ್ಲೋ ಏರು ಹತ್ತುವ ಹಾಗೆ,
ಹತ್ತಲಾರದ ಹಾಗೆ.

ಮೆಡಿಕಲ್ ಅಂಗಡಿಯವ ಮಕ್ಕಳ ಸಿರಪ್ ಮುಂದಿಟ್ಟ.
ದುಡ್ಡು ಕೊಟ್ಟೆ, ಆದರೆ ಯಾಕೋ ಮುಚ್ಚಳ ತೆರೆಯಲು ಕೈ ತಡೆಯಿತು.
ವೆಟರ್ನರಿ ಕಾಲೇಜಿನ ಹುಡುಗಿ, ಡಾಕ್ಟರಾಗಲು ಇನ್ನೂ ಆರು ತಿಂಗಳಿದೆಯಂತೆ,
ಬಾಟಲಿ ನೋಡಿಯೇ ಬೆಚ್ಚಿದಳು: 'ಅಮಾಕ್ಸಿಸಿಲಿನ್ನಾ? ಕೊಟ್ಟಿದ್ದರೆ
ನೆಗಡಿ ನಿಲ್ಲುವ ಮೊದಲು ಕರುಳು ನಿಲ್ಲುತ್ತಿತ್ತು.'
ಬೇರೆ ಔಷಧಿ ಬರೆದಳು, ಹನಿಯ ಲೆಕ್ಕದಲ್ಲಿ. ಸೀಬೆಹಣ್ಣು ಅಂದಳು.
ಆಮೇಲೆ ನನ್ನ ತೋಳಿನ ಹತ್ತಿರ ಮೂಗು ತಂದು, ಮೆಲ್ಲಗೆ,
'ಅಕ್ಕಾ, ಈ ಡೀಸೆಲ್ ವಾಸನೆ ಇದಕ್ಕಾಗುವುದಿಲ್ಲ.'

ಹನ್ನೊಂದು ವರ್ಷದಿಂದ ನನ್ನ ಮೈಯ ವಾಸನೆ ಅದು.
ಹೆಣ್ಣು ನೋಡಲು ಬಂದವರೆದುರು ಕೈ ತೊಳೆಯದೆಯೇ
ಕಾಫಿ ಇಟ್ಟಿದ್ದೆ, ಬೇಕಂತಲೇ.
ಈಗ ಬಾಗಿಲಲ್ಲೇ ಖಾಕಿ ಅಂಗಿ ಕಳಚಿ
ಸೀಗೆಪುಡಿಯಲ್ಲಿ ಮೊಳಕೈವರೆಗೆ ಉಜ್ಜಿ
ಉಗುರು ಸಂದಿಯ ಕಪ್ಪನ್ನು ಬೆಂಕಿಕಡ್ಡಿಯಿಂದ ತೆಗೆದು
ಒಳಗೆ ಬರುತ್ತೇನೆ, ಅಪ್ಪಣೆ ಕೇಳುವವಳಂತೆ.

ಪಕ್ಕದ ಮನೆ ಜಬೀನಾಳ ಮಗಳಿಗೆ ಉಬ್ಬಸ.
ಅವಳ ನೆಬ್ಯುಲೈಸರ್ ರಾತ್ರಿ ಹತ್ತರ ಮೇಲೆ ನನ್ನದು.
ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು
ಹಳೆ ಗ್ಯಾಸ್ಕೆಟ್ ಕೂರಿಸಿ ಮಂಜಿನ ಕೋಣೆ ಮಾಡಿದೆ.
ಅದರೊಳಗೆ ಗೆಡ್ಡೆ, ಸಕಲೇಶಪುರದ ಬೆಳಗಿನ ಬಸ್ಸು;
ಎರಡು ದೀಪವಷ್ಟೇ ಕಾಣುತ್ತವೆ.

ಮೂರು ಗಂಟೆಗೊಮ್ಮೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಹುಲ್ಲುಪುಡಿಯ ಗಂಜಿ,
ಹಲ್ಲಿನ ಪಕ್ಕದಿಂದ. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ.
ಅವಸರವೇ ನನ್ನ ಕಸುಬು, ಆರು ಹತ್ತರ ಗಾಡಿ ಆರು ಹತ್ತಕ್ಕೇ ಬಿಡಬೇಕು.
ಇಲ್ಲಿ ಗಲ್ಲದಡಿ ಬೆರಳಿಟ್ಟು ಕೂರುತ್ತೇನೆ
ಒಂದು ಗುಟುಕು ಇಳಿಯುವವರೆಗೆ.

ಜಬೀನಾ ಮಾರ್ಕೆಟ್ಟಿಂದ ಆಲೂಗೆಡ್ಡೆ ತಕ್ಕಡಿ ತರುತ್ತಾಳೆ.
ಮೊದಲ ರಾತ್ರಿ, 'ಕಿಲೋ ಹೇಗಮ್ಮಾ?' ಅಂದಿದ್ದಳು.
ಜಾಬ್ ಕಾರ್ಡಿನ ಹಿಂದೆ ಬರೆದೆ: ೮೬೮. ೮೫೨. ೮೪೧.
ನಾಲ್ಕನೆಯ ದಿನಕ್ಕೆ ಅವಳೂ ಸುಮ್ಮನೆ ನಿಂತಳು.

ವರ್ಷದ ಕೊನೆ. ರಿಜಿಸ್ಟರ್ ಮುಚ್ಚಬೇಕಂತೆ.
'ಇದರ ಮುಂದೆ ಏನಂತ ಬರೆಯಲಮ್ಮ?'
'ಎರಡು ದಿನ ಬರೆಯಬೇಡಿ, ಸಾರ್.'

ಇವತ್ತು ೮೪೩.
ಎರಡು ಗ್ರಾಂ. ಹೊಟ್ಟೆಯಲ್ಲಿನ ಗಂಜಿ ಇರಬಹುದು,
ರೋಮಕ್ಕೆ ಹತ್ತಿದ ಮಂಜಿರಬಹುದು, ತಕ್ಕಡಿಯ ಮಣ್ಣೂ ಇರಬಹುದು.
ಹತ್ತು ದಿನ ಏನೂ ಹೇಳಲಾಗದು ಎಂದಿದ್ದಾಳೆ ಹುಡುಗಿ.

ನಾಲ್ಕೂವರೆ. ಡಿಪೋದಲ್ಲಿ ಯಾರೋ ಸ್ಟಾರ್ಟ್ ಮಾಡುತ್ತಿದ್ದಾರೆ,
ಚಳಿಗೆ ಗಾಡಿ ಹತ್ತುತ್ತಿಲ್ಲ.
ನಾನು ಅತ್ತ ಕಿವಿ ಕೊಡಲಿಲ್ಲ.
ಹುಲ್ಲಿನ ಒಂದು ಎಸಳು ಅದರ ಬಾಯಲ್ಲಿ
ಅರ್ಧ ಒಳಗೆ ಹೋಗಿ
ನಿಂತಿದೆ.